ಎರಡನೆಯ ತುತ್ತು

ಬೆರಳಿಗೆ ಅಂಟಿದ ಬಂಗಡೆಯ ವಾಸನೆ ಸೋಪಿಗೂ ಹೋಗಲಿಲ್ಲ, ಹುಣಸೆಹಣ್ಣಿಗೂ ಹೋಗಲಿಲ್ಲ, ಈಗ ಊದುಬತ್ತಿಯ ಹೊಗೆಯೊಳಗೂ ಅದೇ, ಜಗಲಿಯಲ್ಲಿ ಅತ್ತೆಯ ಹೆಣ ಮಲಗಿಸಿದ್ದಾರೆ, ಹೊನ್ನಾವರ ಬಂದರಿನ ಹೆಂಗಸರೆಲ್ಲ ಬಂದು ಕೂತಿದ್ದಾರೆ, ಪಕ್ಕದ ಮನೆಯ ಮಹಾಲಕ್ಷ್ಮೀ ನನ್ನ ಬೆನ್ನು ಸವರುತ್ತಿದ್ದಾಳೆ — ಅಳಬೇಡ ನರ್ಮದಾ, ಹೆತ್ತ ಮಗಳೂ ಹೀಂಗೆ ನೋಡ್ಕಳೂದಿಲ್ಲ, ನಿನ್ನತ್ತೆ ಬೆಳ್ಳಕ್ಕ ಪುಣ್ಯ ಮಾಡಿದ್ಲು — ನಾನೆಲ್ಲಿ ಅಳುತ್ತಿದ್ದೇನೆ, ಹೊಗೆಗೆ ಕಣ್ಣು ಉರಿಯುತ್ತಿದೆ. ಲಕ್ವಾ ಹೊಡೆದು ಮಲಗಿದ ಮೇಲೆ ಹೇಲು ಉಚ್ಚೆ ಬಾಚಿದವಳು ನಾನೇ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸಿದವಳೂ ನಾನೇ, ತಿರುಗಿಸುವಾಗಲೆಲ್ಲ ಇವತ್ತು ಸಾಯಿ, ಇವತ್ತಾದರೂ ಸಾಯಿ ಎಂದು ಒಳಗೇ ಹೇಳಿಕೊಂಡದ್ದು ಯಾರಿಗೂ ಕೇಳಿಲ್ಲ. ಮುಂಡಗೋಡದ ಟಿಬೆಟಿನವರ ಮಠದ ಆ ಮುದಿ ಲಾಮಾ ಕೇಳಿಸಿಕೊಳ್ಳುತ್ತಿದ್ದರೇನೋ — ಮೈದುನ ವಿಶಾಲ ನಮ್ಮನ್ನು ಟೆಂಪೋದಲ್ಲಿ ಕರೆದುಕೊಂಡು ಹೋದಾಗ, ಬಂಗಾರದ ಬುದ್ಧನ ಎದುರು, ಒಡಕು ಕನ್ನಡದಲ್ಲಿ, ಅಮ್ಮಾ, ಕೈ ಮಾಡೋದು ಕರ್ಮ ಅಲ್ಲ, ಮನಸ್ಸು ಬೇಕು ಅನ್ನೋದು ಕರ್ಮ, ದ್ವೇಷದಿಂದ ಹುಟ್ಟಿದ್ದು ಅಕುಶಲ, ಕೆಟ್ಟದ್ದು, ಕರುಣೆಯಿಂದ ಹುಟ್ಟಿದ್ದು ಕುಶಲ, ಒಳ್ಳೇದು ಎಂದಿದ್ದರು — ಗೊತ್ತಿಲ್ಲದೆ ಕಾಲಡಿ ಇರುವೆ ಸತ್ತರೆ ಎಂತ ಎಂದು ನನ್ನ ಗಂಡ ಕೇಳಿದರು, ಕೊಲ್ಲೋ ಮನಸ್ಸಿಲ್ಲ, ಕೊಂದ ಪಾಪ ಇಲ್ಲ ಎಂದು ಲಾಮಾ ನಕ್ಕರು. ಕೊಲ್ಲುವ ಮನಸ್ಸಿಟ್ಟುಕೊಂಡು ಗಂಜಿ ಕುಡಿಸಿದರೆ ಎಂತ ಎಂದು ನಾನು ಕೇಳಲಿಲ್ಲ.

ದೀಕ್ಷಾ, ನನ್ನ ಮಗಳು, ಎಷ್ಟೋ ವರ್ಷದ ಹಿಂದೆ, ಆಗಷ್ಟೇ ಮಾತು ಕಲಿತವಳು, ಜ್ವರಕ್ಕೆ ಮೈ ಸೆಟೆದು ನಡುಗುತ್ತಿದ್ದಳು, ಗಂಡ ಬೋಟಿನಲ್ಲಿ, ಅತ್ತೆ ಬಾಗಿಲಿಗೆ ಅಡ್ಡ ನಿಂತು, ಮೊದ್ಲು ಮೀನು ಮಾರ್ಕಂಡಿ ಬಾ, ಕಡಿಗೆ ಆಸ್ಪತ್ರೆ ಎಂದಳು, ಬುಟ್ಟಿ ಖಾಲಿ ಮಾಡಿ ಬರುವಷ್ಟರಲ್ಲಿ ಮಗು ತಣ್ಣಗಾಗಿತ್ತು, ಹೆಣ್ಣೇ ಅಲ್ವನೆ, ಮತ್ತೊಂದು ಆತದೆ ಎಂದಳು ಅತ್ತೆ — ಮತ್ತೊಂದು ಆಗಲಿಲ್ಲ. ಇವತ್ತು ಬೆಳಿಗ್ಗೆ ಅದೇ ಅತ್ತೆ ಸೊಟ್ಟ ಬಾಯಲ್ಲಿ ಬಂಗಡೆ ಬೇಕು ಎಂದಳು. ಕುಮಟೆಯ ಡಾಕ್ಟರು ನನಗೊಬ್ಬಳಿಗೇ ಹೇಳಿದ್ದರು, ನುಣ್ಣಗಿನ ಗಂಜಿ ಬಿಟ್ಟು ಏನೂ ಬೇಡ, ಗಟ್ಟಿಯದು ಉಸಿರಿನ ಕೊಳವೆಗೆ ಹೋದರೆ ಅಲ್ಲೇ ಮುಗಿಯಿತು. ಸಾರು ಮಾಡಿದೆ, ತಟ್ಟೆಯಲ್ಲಿ ಮುಳ್ಳು ಬಿಡಿಸಿದೆ, ಬೆರಳಲ್ಲಿ ತಡಕಿ ತಡಕಿ, ಕೊಲ್ಲಲು ಹೊರಟವಳು ಮುಳ್ಳೇಕೆ ಬಿಡಿಸುತ್ತೀಯೆ, ಕೈಗೆ ಗೊತ್ತಿರುವುದು ಅಷ್ಟೇ. ಮೊದಲ ತುತ್ತು ಸಿಕ್ಕಿಕೊಂಡಿತು, ಕೆಮ್ಮು, ಕಣ್ಣುಗುಡ್ಡೆ ಹೊರಗೆ, ತುಟಿ ನೀಲಿ, ನಾನು ಬೆನ್ನು ತಟ್ಟಲಿಲ್ಲ, ನೋಡುತ್ತ ಕೂತೆ, ಸುಖವಾಯಿತು, ಸುಳ್ಳೇಕೆ, ಹೊಟ್ಟೆಯೊಳಗೆ ತಣ್ಣಗೆ ಸುಖವಾಯಿತು — ಆಮೇಲೆ ಅದು ಹೇಗೋ ಜಾರಿತು, ಅತ್ತೆ ಉಸಿರೆಳೆದುಕೊಂಡಳು, ಅಲ್ಲಾಡದ ನನ್ನ ಕೈ ನೋಡಿದಳು, ಮುಖ ನೋಡಿದಳು, ಗೊತ್ತಾತು ಮಗಾ ಎಂದಳು, ಒಂದು ದಿನವೂ ಮಗಾ ಎಂದು ಕರೆದವಳಲ್ಲ, ಹಾಕು ಎಂದಳು, ಬಾಯಿ ತೆರೆದಳು. ಹಾಕಿದೆ. ಅದು ಜಾರಲಿಲ್ಲ. ಲಾಮಾ, ಮೊದಲನೆಯ ತುತ್ತು ದ್ವೇಷ, ಅದು ನನ್ನದೇ, ಒಪ್ಪಿದೆ, ಎರಡನೆಯದನ್ನು ಹಾಕುವಾಗ ಮನಸ್ಸಿನಲ್ಲಿ ಏನಿತ್ತು, ಹುಡುಕುತ್ತಿದ್ದೇನೆ, ದ್ವೇಷ ಇರಲಿಲ್ಲ, ಕರುಣೆ — ಅದೂ ಅಲ್ಲ, ಎಷ್ಟು ಹುಡುಕಿದರೂ ಬರೀ ಆ ಬಾಯಿ, ಹಲ್ಲಿಲ್ಲದ, ಕೆಂಪಗಿನ, ತೆರೆದುಕೊಂಡು ಕಾಯುತ್ತಿದ್ದ ಬಾಯಿ, ಮಹಾಲಕ್ಷ್ಮೀ ಏನೋ ಹೇಳುತ್ತಿದ್ದಾಳೆ, ಬಾಯಿ, ತೆರೆದ ಬಾಯಿ