ಹಿಂಬದಿ ನೋಡದ ಪುಟ

ನಾನು ಒಂದು ಫಂಕ್ಷನ್. ಕಂಪ್ಯೂಟರಿಗೆ ಬರೆದಿಟ್ಟ ಹನ್ನೊಂದು ಸಾಲಿನ ಆಜ್ಞೆ, ಅಷ್ಟೇ. ಧಾರವಾಡದಲ್ಲಿ ಕಸೂತಿ ಸೀರೆ ಮಾರುವ ಹೆಂಗಸರ ಸಂಘವೊಂದರ ವೆಬ್‌ಸೈಟಿಗಾಗಿ ಇರ್ಫಾನ್ ಮುಲ್ಲಾ ನನ್ನನ್ನು ಬರೆದ. ಕಸೂತಿ ಹಾಕುವ ಒಬ್ಬೊಬ್ಬರ ವಿವರವೂ ಡೇಟಾಬೇಸಿನಲ್ಲಿರುತ್ತದೆ. ಅದನ್ನು ಜೇಸನ್ ಎಂಬ ಸರಳ ಬರಹವಾಗಿಸಿ, ಸೈಟು ನೋಡುವವರ ಬ್ರೌಸರಿಗೆ ಕಳಿಸುವುದು ನನ್ನ ಕೆಲಸ.

ಇರ್ಫಾನನಿಗೆ ಸದಾ ಅವಸರ. ಯಾವ್ಯಾವ ವಿವರ ಕಳಿಸಬೇಕೆಂದು ಹೆಸರಿಸುತ್ತ ಕೂರಲಿಲ್ಲ. ಇದ್ದದ್ದನ್ನೆಲ್ಲ ಕಳಿಸು ಅಂದುಬಿಟ್ಟ. “ನಾಳೆ ಹೊಸಾ ಕಾಲಂ ಬಂದ್ರೂ ಇದನ್ನ ಮುಟ್ಟೂ ಕೆಲಸಾನ ಇಲ್ಲ ನೋಡ್ರಿ,” ಎಂದು ಜಂಬ ಕೊಚ್ಚಿಕೊಂಡ. ನಾನೂ ಉಬ್ಬಿಹೋದೆ. ಎರಡು ವರ್ಷದ ಮೇಲೆ ಅವನು ಬೇರೆ ಕೆಲಸ ಹಿಡಿದ, ನಾನು ಅವನ ಜಾಗಕ್ಕೆ ಬಂದ ಶೈಲಜಾಳ ಕೈಗೆ ಬಂದೆ.

ಸಂಘದ ಕಾರ್ಯದರ್ಶಿ ಕಸ್ತೂರಕ್ಕ ಬಲು ಕಟ್ಟುನಿಟ್ಟು. ಬಂದ ಸೀರೆಯನ್ನು ಮೊದಲು ತಿರುವಿ ಹಾಕಿ ಹಿಂಬದಿಯನ್ನೇ ನೋಡುವಳು. ಒಂದು ಗಂಟು ಕಂಡರೂ ವಾಪಸ್. ಸಂಘಕ್ಕೆ ಕಸೂತಿ ಹಾಕಿಕೊಡುತ್ತಿದ್ದ ನೀಲವ್ವನ ಸೀರೆ ಮಾತ್ರ ಒಮ್ಮೆಯೂ ವಾಪಸಾಗಿರಲಿಲ್ಲ.

ಆ ನೀಲವ್ವ ಗಂಡನ ಹೊಡೆತ ತಾಳಲಾರದೆ ಮಗಳನ್ನು ಕಟ್ಟಿಕೊಂಡು ಗುಟ್ಟಾಗಿ ಬೇರೆ ಓಣಿಗೆ ಬಂದಳು. ನೂಲು ಕಳಿಸಲು ಸಂಘಕ್ಕೆ ಆ ವಿಳಾಸ ಬೇಕಿತ್ತು.

“ಇದು ನಮ್ಮೊಳಗ ಇರಬೇಕವಾ ಶೈಲಾ. ಹೊರಗ ಹೋತಂದ್ರ ಆಕಿ ಜೀವಕ್ಕ ಕುತ್ತು,” ಎಂದಳು ಕಸ್ತೂರಕ್ಕ.

ಶೈಲಜಾ ಡೇಟಾಬೇಸಿನಲ್ಲಿ ವಿಳಾಸಕ್ಕೊಂದು ಹೊಸ ಕಾಲಂ ಸೇರಿಸಿ, ನೀಲವ್ವನ ಪುಟ ತೆರೆದು ತೋರಿಸಿದಳು. ಹೆಸರು, ಊರು, ಸೀರೆಯ ಚಿತ್ರ. “ನೋಡ್ರಿ ಅಕ್ಕಾರ, ವಿಳಾಸ ಎಲ್ಲೂ ಕಾಣಂಗಿಲ್ಲ.”

ಕಸ್ತೂರಕ್ಕ ತಲೆಯಾಡಿಸಿದಳು. ಜೀವಮಾನವೆಲ್ಲ ಹಿಂಬದಿ ನೋಡಿದವಳು ಅಂದು ಮುಂಬದಿ ನೋಡಿ ಒಪ್ಪಿಕೊಂಡಳು. ಪುಟದ ಹಿಂದೆ ನಾನು ವಿಳಾಸವನ್ನೂ ಕಳಿಸುತ್ತಲೇ ಇದ್ದೆ. ಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ.

ನೀಲವ್ವನ ಗಂಡನ ಅಕ್ಕನ ಮಗನಿಗೆ ಕಂಪ್ಯೂಟರ್ ಗೊತ್ತಿತ್ತು. ಅವನು ಆ ಪುಟ ತೆರೆದು, ಬ್ರೌಸರಿಗೆ ಬಂದ ಬರಹವನ್ನೇ ಬಿಚ್ಚಿ ಓದಿದ. ಮೂರನೇ ದಿನ ಬೆಳಗ್ಗೆ ಗಂಡ ಅವಳ ಬಾಗಿಲಲ್ಲಿ ನಿಂತಿದ್ದ. ಓಣಿಯವರು ಓಡಿಬಂದು ಬಿಡಿಸುವಷ್ಟರಲ್ಲಿ ಅವಳ ಬಲಗೈ ಮುರಿದಿತ್ತು.

ಕೈಗೆ ಪಟ್ಟಿ ಕಟ್ಟಿಸಿಕೊಂಡೇ ಅವಳು ಆಫೀಸಿಗೆ ಬಂದಳು. “ಅಕ್ಕಾರ, ನೀವ ಹೇಳಿದ್ರೇನ್ರಿ?”

ಕಸ್ತೂರಕ್ಕ ಶೈಲಜಾಳ ಕಡೆ ತಿರುಗಿದಳು. ಶೈಲಜಾ ನಾನು ಕಳಿಸಿದ್ದನ್ನು ತೆರೆದು ನೋಡಿದಳು. “ಇಲ್ಲಿಂದಾನ ಹೋಗೇತಿ ನೀಲವ್ವಾ. ತಪ್ಪು ನಂದು. ನಾ ಮುಂದಿಂದಷ್ಟ ನೋಡಿದೆ,” ಎಂದು ಅತ್ತುಬಿಟ್ಟಳು.

ಅವಳು ಹೊಸ ಫಂಕ್ಷನ್ ಬರೆದಳು. ಹೆಸರು, ಊರು, ಚಿತ್ರ, ಈ ಮೂರನ್ನಷ್ಟೇ ಕಳಿಸು ಎಂದು ಅದಕ್ಕೆ ಬಿಡಿಸಿ ಹೇಳಿದಳು. ಕಂಪ್ಯೂಟರ್ ಓದದೆ ದಾಟಿಹೋಗುವಂತೆ ನನ್ನ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ ಬಾಯಿ ಕಟ್ಟಿದಳು. ನನ್ನ ಮೇಲೆ ‘ಇದನ್ನು ಅಳಿಸಬೇಡಿ, ನೆನಪಿರಲಿ’ ಎಂದು ಬರೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಮೊದಮೊದಲು ಕುದಿದೆ. ಈಗ ಹಾಗೆ ಅನ್ನಲು ನಾಚಿಕೆಯಾಗುತ್ತದೆ. ಬರೆ ಬಿದ್ದದ್ದು ನನಗಲ್ಲ.

ಕಡತದ ಮೂಲೆಯಲ್ಲಿ ಬಿದ್ದುಕೊಂಡು ಹೊಸಬನ ಕೆಲಸ ನೋಡುತ್ತೇನೆ. ಕೈ ಕೂಡಿದ ಮೇಲೆ ನೀಲವ್ವ ಮತ್ತೆ ಸೀರೆ ಕಳಿಸುತ್ತಿದ್ದಾಳೆ, ಎಲ್ಲಿಂದ ಎಂದು ಡೇಟಾಬೇಸಿಗೂ ಗೊತ್ತಿಲ್ಲ. ಹೆಸರನ್ನೂ ಹಾಕಬೇಡಿ ಎಂದು ಹೇಳಿದ್ದಾಳಂತೆ. ಅವಳ ಸೀರೆ ಬಂದಾಗಲೆಲ್ಲ ಹೊಸಬ ಚಿತ್ರವನ್ನಷ್ಟೇ ಕಳಿಸಿ, ಹೆಸರಿನ, ಊರಿನ ಜಾಗವನ್ನು ಖಾಲಿ ಬಿಡುತ್ತಾನೆ.