ಬಿಟ್ಟಿ ಹಾಲು ಬೇಡ

ತಾನು ಸತ್ತರೆ ಹೊಲದ ಮೇಲೆ ಬೀಳುವ ತೆರಿಗೆಗೆ ಅರ್ಧ ಹೊಲವನ್ನೇ ಮಾರಬೇಕಾದೀತೆಂದು ವೇಲ್ಸ್ ಗಡಿಯ ಪ್ರೋಬರ್ಟ್ ಮುದುಕ ಹೊಲ, ಹಸು ಎಲ್ಲವನ್ನೂ ಮಗಳು ಮೆರಿಯಲ್‌ಗೆ ದಾನಪತ್ರ ಮಾಡಿಕೊಟ್ಟ. "ಇನ್ನು ಏಳು ವರ್ಷ ನೀವು ಬದುಕಿರ್ಬೇಕು. ಆ ಹೊಲದಿಂದ ಏನನ್ನೂ ಬಿಟ್ಟಿ ತಗೋಬಾರ್ದು. ಇಲ್ದಿದ್ರೆ ದಾನ ಲೆಕ್ಕಕ್ಕಿಲ್ಲ, ತೆರಿಗೆ ಬಿದ್ದೇ ಬೀಳುತ್ತೆ" ಎಂದು ವಕೀಲ ಹೆದರಿಸಿದ್ದ.

ಮರುದಿನ ಬೆಳಿಗ್ಗೆಯೇ ಮುದುಕ ಬಾಟಲಿ ಹಿಡಿದು, ಮಗಳು ಗೇಟಿನ ಬಳಿ ಇಟ್ಟಿದ್ದ, ನಾಣ್ಯ ಹಾಕಿದರೆ ಹಾಲು ಸುರಿಸುವ ಯಂತ್ರದ ಮುಂದೆ ನಿಂತ. ಸಿಟ್ಟಂತೂ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಲೀಟರಿಗೆ ಒಂದೂವರೆ ಪೌಂಡಾ? ಹಗಲುದರೋಡೆ ಕಣೇ! ಡೈರಿಯವ್ರು ನಂಗೆ ಇದರ ಕಾಲುಭಾಗಾನೂ ಕೊಡ್ತಿರ್ಲಿಲ್ಲ."

"ಅದಕ್ಕೇ ಅಪ್ಪಾ ಈ ಯಂತ್ರ ಇಟ್ಟಿದ್ದು. ನಿನ್ ಟೀಗೆ ಒಂದ್ ಲೋಟ ನಾನೇ ಕೊಡ್ತೀನಿ, ಬಾ."

"ಬಿಟ್ಟಿ ಕೊಟ್ಟು ಹೊಲಾನೇ ಮುಳುಗಿಸ್ಬೇಡ, ಸುಮ್ನಿರು!"

ಗೊಣಗುತ್ತಲೇ ಅವನು ನಾಣ್ಯ ಹಾಕಿದ, ತುಂಬಿದ ಬಾಟಲಿಯಿಂದ ಅಲ್ಲೇ ಒಂದು ಗುಟುಕು ಕುಡಿದ. ಮೀಸೆಯೆಲ್ಲ ಹಾಲಾಯಿತು.

"ಐವತ್ತು ವರ್ಷ ಹಾಲು ಕರೆದೆ. ನ್ಯಾಯವಾದ ಬೆಲೆ ಕೊಡೋನು ಒಬ್ನೂ ಸಿಗ್ಲಿಲ್ಲ. ಕೊನೆಗೆ ನಾನೇ ಆಗ್ಬೇಕಾಯ್ತು ನೋಡು!" ಎಂದು ನಕ್ಕ. "ಇನ್ನೇಳು ವರ್ಷ ದಿನಾ ಬರ್ತೀನಿ ಮಗಳೇ. ಬೆಲೆ ಮಾತ್ರ ಇಳಿಸ್ಬೇಡ."