ಇಪ್ಪತ್ತೈದು ಡಜನ್

"ಮಾತಾಡಿಸ್ಬೇಡ, ಎಣಿಕೆ ತಪ್ಪತ್ತೆ," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

ಮಗಳು ಬಾಗಿಲಲ್ಲೇ ನಿಂತಳು. ಕೈಯಲ್ಲಿ ಉಗುರುಬೆಚ್ಚಗಿನ ನೀರಿನ ಲೋಟ. ಆಸ್ಪತ್ರೆಯವರು ಕೊಟ್ಟ ಹಾಳೆಯ ಪ್ರಕಾರ ನೀರು ಮೊದಲು, ಉಸಿರು ಆಮೇಲೆ. ಅಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿ? ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಆಗಲೇ ಶುರು ಹಚ್ಚಿಕೊಂಡಿದ್ದಳು. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಹತ್ತಿ ಇಳಿಯುತ್ತಿತ್ತು. ಒಂದು ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಹನ್ನೆರಡು ಉಸಿರು ಮುಗಿದ ಕೂಡಲೇ ಎಡಗೈಯಲ್ಲಿದ್ದ ಸೀಮೆಸುಣ್ಣ ಕಿಟಕಿಯ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆಯುತ್ತಿತ್ತು. ಕಣ್ಣು ತೆರೆಯದೆಯೇ. ಗೆರೆಗಳು ಮಾತ್ರ ಒಂದರ ಪಕ್ಕ ಒಂದು, ಅಳತೆ ಇಟ್ಟ ಹಾಗೆ.

ಇಪ್ಪತ್ತಾರು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿದ ಕೈ ಅದು. ಅಲ್ಲಿ ಎಲ್ಲರೂ ಹೀಗೇ ಎಣಿಸುತ್ತಿದ್ದರು: ಶರ್ಟಿಗೊಂದು ಗೆಣ್ಣು, ಡಜನ್ನಿಗೊಂದು ಗೆರೆ, ಮೇಜಿನ ಅಂಚಿನಲ್ಲಿ. ಸಂಜೆ ಸೂಪರ್‌ವೈಸರ್ ಬಂದು ಗೆರೆ ನೋಡುತ್ತಿದ್ದ. ಅಮ್ಮನ ಮೇಜಿನ ಮುಂದೆ ಅವನು ಯಾವತ್ತೂ ಹೆಚ್ಚು ಹೊತ್ತು ನಿಂತವನಲ್ಲ. ಅವಳಿಗೆ ಅಲ್ಲಿ 'ಮಿಷನ್ನು' ಎಂದೇ ಹೆಸರು. ಈಗ ಅದೇ ಕಾರ್ಖಾನೆಯ ಚೆಕಿಂಗ್ ಮೇಜಿನಲ್ಲಿ ನಿಲ್ಲುವ ಮಗಳು, ಮಿಷನ್ನಿನ ಮಗಳು.

ಫೋನಿನ ಅಲಾರಾಂ ಹೊಡೆಯಿತು. ಹತ್ತು ನಿಮಿಷ.

"ಹದಿನೆಂಟು, ಮೇಲೆ ನಾಲ್ಕು," ಎಂದು ಅಮ್ಮ ಕಣ್ಣು ಬಿಟ್ಟಳು.

"ನಿನ್ನೆ ಹದಿನೇಳಿತ್ತು. ಪರವಾಗಿಲ್ವೇ ಮಿಷನ್ನು!"

"ಮತ್ತೆ? ಎಣ್ಣೆ ಹಾಕಿದ್ರೆ ಓಡ್ದೆ ಏನ್ ಮಾಡತ್ತೆ?"

ಮಗಳು ನಕ್ಕು ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು. ಹೊರಗೆ ಕಾರ್ಖಾನೆಯ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಬುತ್ತಿಯ ಚೀಲ ಹೆಗಲಿಗೇರಿಸಿ, ತಲೆ ಬಾಚಿಕೊಳ್ಳುತ್ತಲೇ ಮೆಟ್ಟಿಲಿಳಿದು ಓಡಿದಳು.

ಹಾಳೆ ಬಂದದ್ದು ಮೊದಲ ಸಲ ಆಸ್ಪತ್ರೆಯಿಂದ ಹೊರಡುವಾಗ. ಅಮ್ಮ ಮೆಟ್ಟಿಲ ಮೇಲೆ ಕುಸಿದು, ಹನ್ನೊಂದು ದಿನ ಮಲಗಿದ್ದು, ಎದ್ದು ಕೂತಿದ್ದಳು. ಹೃದಯ ದುರ್ಬಲವಾಗಿದೆ, ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ನರ್ಸ್ ಹಾಳೆಯನ್ನು ಗಡಿಬಿಡಿಯಲ್ಲಿ ಓದಿ ಹೇಳಿದಳು. "ಎದ್ದ ತಕ್ಷಣ ದಡಕ್ಕನೆ ಇಳೀಬೇಡಿ. ಬಿಸಿನೀರು ಸ್ವಲ್ಪ ಸ್ವಲ್ಪ ಕುಡೀರಿ. ಆಮೇಲೆ ಬೆಳಕು ಬರೋ ಕಡೆ ಹತ್ತು ನಿಮಿಷ ಕೂತು ಉಸಿರಿನ ಮೇಲೆ ಗಮನ ಇಡಿ. ಮನಸ್ಸು ಓಡಿಹೋದ್ರೆ ಎಣಿಸಿ. ಆಮೇಲೆ ಮನೆಯೊಳಗೇ ನಾಲ್ಕು ಹೆಜ್ಜೆ. ದಿನಾ ಒಂದೇ ಹೊತ್ತಿಗೆ. ಏನಾದ್ರೂ ಕೇಳೋದಿದೆಯಾ?"

ಎಷ್ಟು ಎಣಿಸಬೇಕು ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಸಾಲಿನಲ್ಲಿದ್ದವರು ಯಾರೋ ಕೆಮ್ಮಿದರು. ನರ್ಸಿನ ಕಣ್ಣು ಆಗಲೇ ಮುಂದಿನ ಫೈಲಿನ ಮೇಲಿತ್ತು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಶಾಲೆಯಲ್ಲಿ ಇದ್ದಷ್ಟು ವರ್ಷವೂ ಅವಳು ಹಾಗೇ ತಲೆಯಾಡಿಸಿದ್ದಳು.

ಮನೆಗೆ ಬಂದ ಮೊದಲ ಬೆಳಿಗ್ಗೆ ಅಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಚಡಪಡಿಸಿದಳು. ಇಷ್ಟು ವರ್ಷ ಅವಳ ಬೆಳಗು ಎಂದರೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಬಾಚಣಿಗೆ. ಈ ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಸುಮ್ನೆ ಕೂರೋದಕ್ಕೂ ಒಂದು ಹಾಳೆ ಕೊಡ್ತಾರೇನೇ? ಯಾರಾದ್ರೂ ಬಂದು ಬೈತಾರೇನೋ ಅನ್ಸತ್ತೆ."

"ಯಾರೂ ಬೈಯಲ್ಲ. ಎಣಿಸು."

ಅವತ್ತು ಹನ್ನೆರಡು ಡಜನ್ ಆಯಿತು. ಅದು ಹೆಚ್ಚೋ ಕಡಿಮೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಲೆಕ್ಕ ಹಿಡಿದ ಮೇಲೆ ಅದು ಏರಬೇಕು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. "ನಾಳೆ ಹದಿಮೂರು ಮಾಡಮ್ಮ," ಎಂದವಳು ಮಗಳೇ. ರಜೆಯ ದಿನ ಒದ್ದೆ ಬಟ್ಟೆಯಲ್ಲಿ ವಾರದ ಗೆರೆಗಳನ್ನೆಲ್ಲ ಒರೆಸಿ, ಚೌಕಟ್ಟಿನ ಮೇಲ್ಗಡೆ ಮುಂದಿನ ವಾರದ ಟಾರ್ಗೆಟ್ ಬರೆಯುತ್ತಿದ್ದವಳೂ ಅವಳೇ. ಹದಿನಾಲ್ಕು. ಹದಿನಾರು. ಹತ್ತೊಂಬತ್ತು. ಅಮ್ಮ ಅದನ್ನು ಮುಟ್ಟಿದ ದಿನ ಮಗಳು ಸಂಜೆ ಬರುವಾಗ ಒಂದು ಕಿತ್ತಳೆಹಣ್ಣು ತರುತ್ತಿದ್ದಳು.

ಅಮ್ಮನಿಗೆ ಮತ್ತೆ ಒಂದು ಕೆಲಸ ಸಿಕ್ಕ ಹಾಗಾಗಿತ್ತು. ಅಲಾರಾಮಿಗಿಂತ ಮೊದಲೇ ಎದ್ದು ಮುಖ ತೊಳೆದು, ಸೀಮೆಸುಣ್ಣದ ತುದಿಯನ್ನು ಗೋಡೆಗೆ ತಿಕ್ಕಿ ಚೂಪು ಮಾಡಿಟ್ಟುಕೊಳ್ಳುತ್ತಿದ್ದಳು. ನೆರೆಮನೆಯವಳು ಇಣುಕಿ, "ಏನಕ್ಕಾ, ಧ್ಯಾನಾನಾ?" ಎಂದರೆ, "ಓವರ್‌ಟೈಮು," ಎನ್ನುತ್ತಿದ್ದಳು.

ಒಂದೂವರೆ ತಿಂಗಳಾಗುವ ಹೊತ್ತಿಗೆ ಅಮ್ಮ ಇನ್ನೊಂದು ದಿಂಬು ಕೇಳಿದಳು. ಹಳೆಯದು ಚಪ್ಪಟೆಯಾಗಿದೆ, ಮಲಗಿದರೆ ಎದೆ ಹಿಡಿದ ಹಾಗಾಗುತ್ತದೆ ಎಂದಳು. ಮಗಳು ತನ್ನದನ್ನೇ ಕೊಟ್ಟಳು. ವಾರದ ಮೇಲೆ ಅಮ್ಮ, "ಚಪ್ಪಲಿ ಬಿಗಿ ಕಣೇ, ಒದ್ದೆಯಾಗಿ ಕುಗ್ಗಿರ್ಬೇಕು," ಎಂದಳು. ಮಗಳು ಒಂದು ಅಳತೆ ದೊಡ್ಡದು ತಂದಳು. ಕಾರ್ಖಾನೆಯಲ್ಲಿ ರಾಶಿ ಶರ್ಟುಗಳ ನಡುವೆ ಒಂದು ಸಡಿಲ ಗುಂಡಿಯನ್ನು ಅವಳು ದೂರದಿಂದಲೇ ಹಿಡಿಯುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ ಎಂದು ಜೊತೆಯವರು ಹೇಳುತ್ತಿದ್ದರು.

ಇಪ್ಪತ್ತೈದು ಆದ ದಿನ ಅಮ್ಮ ಅಲಾರಾಂ ಹೊಡೆದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತುಟಿ ಬಣ್ಣಗೆಟ್ಟಿತ್ತು. ಕತ್ತಿನ ಕುಳಿ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಆದರೂ ಮುಖ ಗೆದ್ದವರ ಮುಖ.

"ಈಗ ಕಷ್ಟಾನೇ ಪಡಬೇಕಾಗಿಲ್ಲ ಕಣೇ," ಎಂದಳು, ನಡುನಡುವೆ ನಿಂತು. "ನಾನು ಕರೀದೆ ಇದ್ರೂ... ತಾನಾಗೇ ಬರತ್ತೆ. ಬೆರಳೇ... ಹಿಂದೆ ಬೀಳತ್ತೆ."

ಅವತ್ತು ಮಗಳು ಎರಡು ಕಿತ್ತಳೆ ತಂದಳು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ತೋರಿಸುವ ಸರದಿ. ನೋಟ್‌ಪುಸ್ತಕಕ್ಕೆ ಹೊಸ ರಟ್ಟು ಹಾಕಿ ತೆಗೆದುಕೊಂಡು ಹೋಗಿದ್ದರು. ನರ್ಸ್ ಹಾಳೆ ತಿರುವಿದಳು.

"ಏನಿದು ನಂಬರು?"

"ಉಸಿರು," ಎಂದಳು ಮಗಳು, ಮೆಲ್ಲಗೆ.

"ಹನ್ನೆರಡರಿಂದ ಇಪ್ಪತ್ತೈದು... ನಿಮಿಷಕ್ಕಾ?"

"ಡಜನ್ನು," ಎಂದಳು ಅಮ್ಮ. "ಹತ್ತು ನಿಮಿಷಕ್ಕೆ ಇಪ್ಪತ್ತೈದು ಡಜನ್ನು. ಟಾರ್ಗೆಟ್ ಇದ್ದಿದ್ದು... ಇಪ್ಪತ್ನಾಲ್ಕೇ."

ನರ್ಸ್ ನಗಲಿಲ್ಲ. ಪೆನ್ನಿನ ಹಿಂಬದಿಯಿಂದ ಮೇಜಿನ ಮೇಲೆ ಏನೋ ಲೆಕ್ಕ ಹಾಕಿದಳು. ಆಮೇಲೆ ಮೊಣಕಾಲೂರಿ ಕೂತು, ಅಮ್ಮನ ಹೊಸ ಚಪ್ಪಲಿ ಕಳಚಿ, ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದಲ್ಲಿ ಒಂದು ಗುಳಿ ಬಿತ್ತು. ಮಗಳು ಅದು ತುಂಬಿಕೊಳ್ಳುತ್ತದೆ ಎಂದು ನೋಡುತ್ತಲೇ ಇದ್ದಳು. ತುಂಬಿಕೊಳ್ಳಲಿಲ್ಲ.

ಅಮ್ಮನನ್ನು ಅಲ್ಲಿಂದಲೇ ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಈ ಸಲ ಒಂಬತ್ತು ದಿನ.

ಕೊನೆಯ ದಿನ ಡಾಕ್ಟರ್ ಮಗಳನ್ನು ಪಡಸಾಲೆಗೆ ಕರೆದರು. "ಉಸಿರು ನಿಧಾನ ಆಗ್ಬೇಕಮ್ಮ. ಎಣಿಕೆ ಕಮ್ಮಿ ಆದಷ್ಟೂ ಒಳ್ಳೇದು. ಏರ್ತಾ ಇದ್ದಾಗಲೇ ಓಡಿಬರ್ಬೇಕಿತ್ತು. ಯಾರೂ ಹೇಳ್ಲಿಲ್ವಾ?"

"ನಾನು ಕೇಳ್ಲಿಲ್ಲ," ಎಂದಳು ಮಗಳು.

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು. "ಮೊದ್ಲೇ ಬಂದಿದ್ರೂ ಹೃದಯ ಹೊಸದಾಗ್ತಿರ್ಲಿಲ್ಲ, ಅದು ನಿಜ. ಮಾತ್ರೆ ಬದಲಾಯ್ಸಿದೀನಿ. ಮನೇಲಿ ಆರಾಮಾಗಿ ಇಟ್ಕೊಳ್ಳಿ."

ಅವರು ತಿರುಗಿ ಹೊರಟಾಗ ಮಗಳು ಹಿಂದಿನಿಂದ, ತನ್ನ ದನಿ ತನಗೇ ಗುರುತು ಸಿಗದಷ್ಟು ಜೋರಾಗಿ, "ಎಷ್ಟು ದಿನ?" ಎಂದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಬೇಸಿಗೆ ದಾಟಿದ್ರೆ ಹೆಚ್ಚು," ಎಂದರು ಡಾಕ್ಟರ್.

ಆಟೋದಲ್ಲಿ ಅಮ್ಮ ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಸೇತುವೆ ದಾಟುವಾಗ ಕೇಳಿದಳು, "ನಾನೇ ಓಡ್ಸಿ ಓಡ್ಸಿ ಹಿಂಗಾಯ್ತಾ?"

"ಇಲ್ಲಮ್ಮ. ರೋಗ ಅದು. ನೀನಲ್ಲ." ಟಾರ್ಗೆಟ್ ಬರೆದವಳು ತಾನು ಎಂಬುದನ್ನು ಬಿಟ್ಟು, ನೋಟ್‌ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದಳು.

ಅಮ್ಮ ಅವಳ ಮುಖ ನೋಡಿದಳು. ಮೊಣಕೈಯಿಂದ ಮೆತ್ತಗೆ ತಿವಿದಳು. "ಹೋಗ್ಲಿ ಬಿಡೇ. ಇಪ್ಪತ್ತೈದು ಯಾರು ಮಾಡ್ತಾರೆ, ಹೇಳು? ಆ ಸೂಪರ್‌ವೈಸರ್ ಮೂತಿಗೆ ಹಿಡೀಬೇಕಿತ್ತು."

ರಾತ್ರಿ ಅಮ್ಮ ಮೂರು ದಿಂಬಿಗೆ ಒರಗಿ ನಿದ್ದೆಹೋದ ಮೇಲೆ ಮಗಳು ಚೌಕಟ್ಟನ್ನು ಒರೆಸಿದಳು. ಎರಡು ಸಲ ಒರೆಸಿದರೂ ಇಪ್ಪತ್ತನಾಲ್ಕು ಎಂದು ತಾನೇ ಒತ್ತಿ ಬರೆದದ್ದು ಮರದೊಳಗೆ ಮಸುಕಾಗಿ ಉಳಿದೇ ಇತ್ತು. ಸೀಮೆಸುಣ್ಣವನ್ನು ಕಸದ ಬುಟ್ಟಿಗೆ ಹಾಕಿದಳು.

ಬೆಳಿಗ್ಗೆ ಅಮ್ಮ ನೀರು ಕುಡಿದಳು, ಗುಟುಕು ಗುಟುಕಾಗಿ, ಹಾಳೆಯಲ್ಲಿದ್ದ ಹಾಗೆ. ಮಗಳು ಅವಳನ್ನು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿದಳು. ಬುತ್ತಿ ಕಟ್ಟಲು ಒಳಗೆ ಹೋದವಳು ಕಟ್ಟದೆ ವಾಪಸ್ಸು ಬಂದಳು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಇಷ್ಟು ದಿನದಲ್ಲಿ ಒಂದು ಸಲವೂ ಅವಳು ಅಲ್ಲಿ ಕೂತಿರಲಿಲ್ಲ. ಎದುರು ಮನೆಯ ಟ್ಯಾಂಕಿನ ಮೇಲೆ ಬಿಸಿಲು ಇನ್ನೂ ಬಂದಿರಲಿಲ್ಲ.

"ಅಲಾರಾಂ ಇಟ್ಯಾ?"

"ಇಲ್ಲ."

ಅಮ್ಮ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಶಾಲಿನ ಕೆಳಗೆ ಏನೋ ಮಿಸುಕಿತು.

"ಎಣಿಸ್ತಿದೀಯ?"

"ಇಲ್ವಲ್ಲ." ಮಿಸುಕಾಟ ನಿಂತಿತು, ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ.

ಮಗಳು ಶಾಲಿನೊಳಗೆ ಕೈ ಹಾಕಿ ಆ ಕೈಯನ್ನು ಹುಡುಕಿದಳು. ತಣ್ಣಗಿತ್ತು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗಳು ಒರಟಾಗಿದ್ದವು. ತನ್ನ ಅಂಗೈಯನ್ನು ಅದರ ಮೇಲೆ ಮುಚ್ಚಿದಳು. ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ನಿಂತಿತ್ತು.

ಕೆಳಗೆ ಬಸ್ಸಿನ ಹಾರ್ನ್ ಹೊಡೆಯಿತು. ಮತ್ತೊಂದು ಸಲ, ಉದ್ದಕ್ಕೆ.

"ಹೋಗೇ, ಬಸ್ಸು."

"ಹೂಂ," ಎಂದಳು ಮಗಳು. ಏಳಲಿಲ್ಲ.

ಬಸ್ಸು ಗೇರು ಬದಲಾಯಿಸಿ ತಿರುವಿನಲ್ಲಿ ಮರೆಯಾಗುವ ಸದ್ದು ಪೂರ್ತಿ ಕೇಳಿಸಿತು. ಅಂಗೈಯ ಕೆಳಗೆ ಹೆಬ್ಬೆರಳು ಕದಲಿ, ನಿಧಾನವಾಗಿ ಮುಂದಿನ ಗೆಣ್ಣಿಗೆ ಹೋಯಿತು. ಮಗಳು ಅದನ್ನು ತಡೆಯಲಿಲ್ಲ. ತಾನೂ ಉಸಿರು ಹಿಡಿದು, ಅದು ಇನ್ನೊಂದು ಗೆಣ್ಣಿಗೆ ಹೋಗುವುದನ್ನು ಕಾಯುತ್ತ ಕೂತಳು.